ಐದು ಸೇರು ಹಿಟ್ಟಿನ ಹಾಡು

ಮೂಕಂಡಪಲ್ಲಿಯಲ್ಲಿ ಬೆಳಗ್ಗೆ ಎದ್ದರೆ ಮೈ ಭಾರ, ಮಧ್ಯಾಹ್ನವಾದರೆ ಆಕಳಿಕೆ, ಸೂಪರ್‌ವೈಸರ್ ಬೈದರೆ ಗಂಟಲಲ್ಲಿ ತುತ್ತು ಇಳಿಯುವುದಿಲ್ಲ ಎನ್ನುವಂಥ ಗಂಡಸರು ಬೇಕಾದಷ್ಟಿದ್ದರು. ಹೊಸೂರಿನ ಸಿಪ್ಕಾಟ್ ಕೈಗಾರಿಕಾ ಬಡಾವಣೆಯ ಕಾರ್ಖಾನೆಗಳಿಗೆ ಊರೂರಿಂದ ಬಂದು ಸೇರಿಕೊಂಡವರು. ಅವರಿಗೆ ಡಾಕ್ಟರು ದೂರ, ಕದಿರಮ್ಮನ ಮೆಸ್ಸು ಹತ್ತಿರ. ಊಟಕ್ಕೆ ಕೂತವನ ಮುಖವನ್ನು ಕದಿರಮ್ಮ ಒಂದು ಸಲ ನೋಡಿದಳೆಂದರೆ ಮುಗಿಯಿತು, ಸಾರಿನ ಸೌಟನ್ನು ಅಲ್ಲೇ ಬಿಟ್ಟು ಟೇಪ್‌ರೆಕಾರ್ಡರಿನ ಹತ್ತಿರ ಹೋಗುತ್ತಿದ್ದಳು.

"ನಿಂಗೆ ಗರಗಸದ ಹಾಡು ಬೇಕು ಕಣ್ಲಾ. ಉಂಡಾದ್ಮೇಲಲ್ಲ, ಉಣ್ಣಾಕ್ ಮುಂಚೆ."

ಗರಗಸದ ಹಾಡೆಂದರೆ ಮರ ಕೊಯ್ಯುವ ಸದ್ದಿನಿಂದ ಶುರುವಾಗುವ ಇಂಗ್ಲಿಷ್ ರಾಕ್ ಹಾಡು. ಅದರ ನಿಜವಾದ ಹೆಸರು ಏನೆಂದು ಕದಿರಮ್ಮನಿಗೆ ಗೊತ್ತಿರಲಿಲ್ಲ, ಗೊತ್ತು ಮಾಡಿಕೊಳ್ಳುವ ಆಸೆಯೂ ಇರಲಿಲ್ಲ. ಅವಳಿಗೆ ಇಂಗ್ಲಿಷಿನ ಒಂದಕ್ಷರ ಬಾರದು. ಕನ್ನಡದಲ್ಲಿ ಬಸ್ಸಿನ ಬೋರ್ಡು ಓದುವಷ್ಟು ಕಲಿತಿದ್ದಳು. ಹೊಸೂರಿನ ಬಸ್ಸುಗಳ ಬೋರ್ಡೆಲ್ಲ ತಮಿಳಿನಲ್ಲಿ ಇದ್ದುದರಿಂದ ಆ ವಿದ್ಯೆಯೂ ಯಾವ ಕೆಲಸಕ್ಕೂ ಬಂದಿರಲಿಲ್ಲ. ಹಾಗಾಗಿ ಹಾಡುಗಳಿಗೆ ತಾನೇ ಹೆಸರಿಟ್ಟುಕೊಂಡಿದ್ದಳು. ಗರಗಸದ ಹಾಡು ನಿದ್ದೆಗಣ್ಣಿನವರಿಗೆ. ತಾಯಿಯಿಂದ ಬಿಡಿಸಿ ಕಟ್ಟಿದ ಎಮ್ಮೆಕರುವಿನ ಹಾಗೆ ಹಾಡುವವನು ಅರಚಿಕೊಳ್ಳುವ ಎಮ್ಮೆಕರು ಹಾಡು, ಮೇಲಿನವರ ಕೈಲಿ ಬೈಸಿಕೊಂಡು ಬಂದವರಿಗೆ. ಒಂದೊಂದೇ ಮೆಟ್ಟಿಲು ಹತ್ತಿದಂತೆ ಏರುತ್ತಾ ಹೋಗಿ ಕೊನೆಗೆ ಮೇಲಿಂದ ದುಡುಮ್ಮನೆ ಬೀಳುವ ಮೆಟ್ಟಿಲು ಹಾಡು, ಹೆಣ್ಣು ನೋಡಲು ಹೊರಟ ಹುಡುಗರಿಗೆ. ಎಲ್ಲಕ್ಕಿಂತ ದೊಡ್ಡದು ಐದು ಸೇರಿನ ಹಾಡು. ಅದನ್ನು ಅವಳು ಯಾರಿಗೂ ಹೇಳಿಕೊಡುತ್ತಿರಲಿಲ್ಲ. ಅದು ಅವಳ ಸ್ವಂತದ್ದು.

ಈ ಹುಚ್ಚು ಅವಳಿಗೆ ಹತ್ತಿಸಿದವನು ಜಗನ್. ಮಾಗಡಿ ಕಡೆಯವನು, ಬೋಲ್ಟು ಮಾಡುವ ಕಂಪನಿಯಲ್ಲಿ ಕೆಲಸ, ಇಪ್ಪತ್ತಾರರ ವಯಸ್ಸು. ಅವನ ರೂಮಿನಲ್ಲಿ ಆರು ಜನ. ಮೂರು ಶಿಫ್ಟಿಗೆ ಇಬ್ಬಿಬ್ಬರು. ಅಂದರೆ ದಿನದ ಯಾವ ಹೊತ್ತಿನಲ್ಲಿ ಹೋದರೂ ಅಲ್ಲಿ ಇಬ್ಬರು ಮಲಗಿಯೇ ಇರುತ್ತಾರೆ. ಜಗನ್ ಆಸೆಪಟ್ಟು ಕೊಂಡ ಟೇಪ್‌ರೆಕಾರ್ಡರನ್ನು ಎರಡು ವಾರದಲ್ಲಿ ರೂಮಿನವರು ಎರಡು ಸಲ ಕಿಟಕಿಯಿಂದ ಎಸೆಯಲು ಹೋಗಿದ್ದರು. ಅವನು ಅದನ್ನೂ ಎರಡು ಕ್ಯಾಸೆಟ್ಟನ್ನೂ ತಂದು ಕದಿರಮ್ಮನ ಅಡುಗೆಮನೆಯ ಗೂಡಿನಲ್ಲಿ ಇಟ್ಟು, ಊಟಕ್ಕೆ ಬಂದಾಗ ಮಾತ್ರ ಕೇಳುತ್ತೇನೆ, ಇಲ್ಲಿ ಮಲಗುವವರು ಯಾರೂ ಇಲ್ಲವಲ್ಲ ಎಂದು ಕೇಳಿಕೊಂಡ. ಇದು ಎರಡು ಸಾವಿರದ ಎರಡನೇ ಇಸವಿಯ ಮಾತು.

ಮೊದಲ ದಿನ ಅದು ಹಾಡಿದಾಗ ಪಾತ್ರೆ ತೊಳೆಯುತ್ತಿದ್ದ ದೊಡ್ಡಮುನಿಯಮ್ಮ ಬಚ್ಚಲಿಂದ ಓಡಿ ಬಂದು ಯಾರಿಗೆ ಏನಾಯಿತೆಂದು ಕೇಳಿದಳು. ದೊಡ್ಡಮುನಿಯಮ್ಮ ಕದಿರಮ್ಮನಿಗಿಂತ ನಾಲ್ಕು ವರ್ಷ ದೊಡ್ಡವಳು, ಮೆಸ್ಸಿನ ಅರ್ಧ ಕೆಲಸ ಅವಳದು, ಪೂರ್ತಿ ಬಾಯಿ ಅವಳದೇ. ಶನಿವಾರದ ಭಜನೆ ಬಿಟ್ಟರೆ ಬೇರೆ ಹಾಡು ಹಾಡೇ ಅಲ್ಲ ಎನ್ನುವವಳು. ಏನೂ ಆಗಿಲ್ಲ, ಇದು ಹಾಡು ಎಂದು ಜಗನ್ ಹೇಳಿದ ಮೇಲೆ ಅವಳು ಸೆರಗಿನಿಂದ ಕೈ ಒರೆಸಿಕೊಳ್ಳುತ್ತಾ, "ಹಲ್ಲು ನೋವಿರೋರನ್ನ ಕೂರಿಸ್ಕೊಂಡು ಹಾಡಿಸಿದ್ರೆ ಹಿಂಗೇಯ" ಎಂದು ಒಳಗೆ ಹೋದಳು.

ಕದಿರಮ್ಮ ಒಲೆಯ ಮುಂದಿದ್ದಳು. ಅವಳ ಕೈಯಲ್ಲಿ ಮುದ್ದೆ ಕೋಲಿತ್ತು. ಹಿಟ್ಟು ತಿರುವುತ್ತಿದ್ದಳು. ಅರ್ಧಕ್ಕೆ ಬಂದಾಗ ಸೋತು ನಿಲ್ಲುವುದು ಅವಳಿಗೆ ಅಭ್ಯಾಸವಾಗಿತ್ತು, ಆ ದಿನ ನಿಲ್ಲಲಿಲ್ಲ. ಹಾಡು ಮುಗಿದಾಗ ನೋಡಿದರೆ ಹಿಟ್ಟು ಬೆಣ್ಣೆಯ ಹಾಗೆ ತಿರುಗಿ ಕೂತಿತ್ತು.

ಐದು ಸೇರು ಹಿಟ್ಟು ತಿರುವುವುದೆಂದರೆ ಆಟವಲ್ಲ. ನುಚ್ಚು ಬೆಂದ ಎಸರಿಗೆ ಹಿಟ್ಟು ಸುರಿದು, ನಡುವೆ ಕೋಲಿನಿಂದ ತೂತು ಮಾಡಿ, ಬೇಯಲು ಬಿಟ್ಟು, ಆಮೇಲೆ ಪಾತ್ರೆಯನ್ನು ಕಾಲಲ್ಲಿ ಒತ್ತಿ ಹಿಡಿದು ಎರಡು ಕೈಯಲ್ಲೂ ತಿರುವಬೇಕು. ಅದಕ್ಕೆ ತೋಳಿನ ಬಲ ಅರ್ಧ ಸಾಕು, ಇನ್ನರ್ಧ ಕೋಪ ಬೇಕು. ತನ್ನೂರು ಉದ್ದನಪಲ್ಲಿಯಲ್ಲಿ ಗಂಡ ರಾಮಾಂಜಿನಪ್ಪ ಇದ್ದಾಗ ಕೋಪಕ್ಕೇನೂ ಕೊರತೆ ಇರಲಿಲ್ಲ. ಅವನು ಹೊಲಕ್ಕೆ ಹೋದವನು ಮಧ್ಯಾಹ್ನ ಮೀರಿ ಬರುವನು, ಬಂದವನು ಸಾರಿಗೆ ಉಪ್ಪಿಲ್ಲ ಎನ್ನುವನು. ಮರುದಿನದ ಮುದ್ದೆಗೆ ಬೇಕಾದಷ್ಟು ಬಲ ಅಲ್ಲಿಂದಲೇ ಸಿಗುತ್ತಿತ್ತು. ಅವನು ಸತ್ತು, ಕದಿರಮ್ಮ ಮೂಕಂಡಪಲ್ಲಿಗೆ ಬಂದು ಒಂದು ಶೀಟಿನ ಮನೆ ಹಿಡಿದು ಮೆಸ್ಸು ಇಟ್ಟ ಮೇಲೆ, ನಲವತ್ತು ಜನರಿಗೆ ಮುದ್ದೆ ಮಾಡುವ ಕೆಲಸ ಬಂತು, ಕೋಪ ಮಾತ್ರ ಬರಲಿಲ್ಲ. ಯಾರ ಮೇಲೆ ಮಾಡಿಕೊಳ್ಳುವುದು? ಹುಡುಗರೆಲ್ಲ ತಲೆ ತಗ್ಗಿಸಿ ಉಂಡು ಹೋಗುವವರು.

ಆ ಟೇಪ್‌ರೆಕಾರ್ಡರಿನಿಂದ ಬಂದದ್ದು ಕೋಪವೇ. ಆದರೆ ಯಾರ ಮೇಲೂ ಇಲ್ಲದ ಕೋಪ. ಕೇಳಿದವರಿಗೆ ನೋವಿಲ್ಲ, ಮಾಡಿದವನಿಗೆ ಪಾಪವಿಲ್ಲ. ಇಂಥ ಒಳ್ಳೆಯ ಪದಾರ್ಥವನ್ನು ಇಂಗ್ಲಿಷಿನವರು ಇಷ್ಟು ದಿನ ತಾವೇ ಇಟ್ಟುಕೊಂಡಿದ್ದರಲ್ಲ ಎಂದು ಅವಳಿಗೆ ಅನ್ನಿಸಿತು.

ಆಮೇಲೆ ಕದಿರಮ್ಮ ಹಾಡು ಕೇಳುವುದರಲ್ಲಿ ದಡ್ಡಿಯಾಗಿ ಉಳಿಯಲಿಲ್ಲ. ಜಗನ್ ಹೊಸೂರು ಬಸ್‌ಸ್ಟ್ಯಾಂಡಿನ ಹತ್ತಿರದ ರೆಕಾರ್ಡಿಂಗ್ ಅಂಗಡಿಯಿಂದ ಹೊಸ ಹಾಡು ತುಂಬಿಸಿಕೊಂಡು ಬಂದರೆ ಮೊದಲು ಪರೀಕ್ಷೆ ಆಗಬೇಕು. ಸಾರಿನ ಪಾತ್ರೆಯ ಮುಚ್ಚಳ ನಡುಗುತ್ತದೋ ಇಲ್ಲವೋ ನೋಡುವಳು. ನಡುಗದಿದ್ದರೆ ಆ ಹಾಡಿಗೆ ತಳವಿಲ್ಲ. ಹಾಡುವವನಿಗೆ ಕೊನೆಯ ಹೊತ್ತಿಗೆ ಉಸಿರು ಸಾಲಬಾರದು, ಬೆವರದೆ ಹಾಡಿದವನ ಹಾಡು ಅವಳಿಗೆ ಬೇಡ. ಗಿಟಾರು ಬಾರಿಸುವವನು ಜಂಬದಿಂದ ಬೆರಳಾಟ ತೋರಿಸುತ್ತಾ ಕೂತರೆ, "ಇವನು ಮದುವೇಲಿ ಹೋಳಿಗೆ ಬಡಿಸೋ ತರ ಮಾಡ್ತವ್ನೆ, ಎಲೆ ಮುಂದೆ ನಿಂತು ಆಡುಸ್ತಾನೆ, ಹಾಕಲ್ಲ" ಎಂದು ತೆಗೆಸುವಳು. ಎಲ್ಲಕ್ಕೂ ಮುಖ್ಯವಾಗಿ, ಹಾಡಿನಲ್ಲಿ ಒಂದು ಕಡೆ ಎಲ್ಲರೂ ಒಟ್ಟಿಗೆ ನಿಲ್ಲಬೇಕು. ಕೇಳುವವರ ಎದೆ ಒಂದು ಗಳಿಗೆ ಖಾಲಿಯಾಗಬೇಕು. ಆಮೇಲೆ ಎಲ್ಲರೂ ಒಟ್ಟಿಗೆ ಬೀಳಬೇಕು. ಆ ಜಾಗವಿಲ್ಲದ ಹಾಡು ಎಷ್ಟೇ ಕೂಗಾಡಿದರೂ ಅದು ಬರೀ ಗದ್ದಲ.

ಜಗನ್ ವಾದ ಮಾಡುತ್ತಿದ್ದ. ಇವರು ಇಂಥ ದೇಶದವರು, ಲಕ್ಷ ಲಕ್ಷ ಕ್ಯಾಸೆಟ್ಟು ಮಾರಿದವರು ಎನ್ನುತ್ತಿದ್ದ. ಮಾರಲಿ, ಮುಚ್ಚಳ ಅಲ್ಲಾಡಲಿಲ್ಲವಲ್ಲ ಎಂದು ಅವಳು ಹೇಳುತ್ತಿದ್ದಳು. ಒಂದು ವರ್ಷ ಕಳೆಯುವಷ್ಟರಲ್ಲಿ ಯಾವ ಹಾಡು ಕೇಳಬೇಕು ಎಂದು ಅವನೇ ಅವಳನ್ನು ಕೇಳುವಂತಾಯಿತು.

ಇಷ್ಟಕ್ಕೇ ನಿಂತಿದ್ದರೆ ಚೆನ್ನಾಗಿತ್ತು. ಆದರೆ ಹೇಳುವ ಚಟ ಹತ್ತಿದವರಿಗೆ ಕೇಳುವವರು ಎಷ್ಟಿದ್ದರೂ ಸಾಲದು. ಚಿಲ್ಲರೆ ಅಂಗಡಿಯ ನಾರಾಯಣಪ್ಪ ಸಾಮಾನು ಕಟ್ಟುತ್ತಾ ತೂಕಡಿಸುತ್ತಾನೆಂದು ಅವನ ಅಂಗಡಿಯ ಮುಂದೆ ಟೇಪ್‌ರೆಕಾರ್ಡರ್ ಹೊತ್ತು ಹೋಗಿ ಗರಗಸದ ಹಾಡು ಹಾಕಿದಳು. ಅವನು ಎಚ್ಚರವಾದದ್ದೇನೋ ನಿಜ, ಕೈಯಲ್ಲಿದ್ದ ಎರಡು ಕೆ.ಜಿ. ಸಕ್ಕರೆ ಬೀದಿಗೆ ಬಿತ್ತು. ಎದುರು ಮನೆಯ ರಾಮಲಕ್ಷ್ಮಮ್ಮ ಕಾರ್ತಿಕದ ಸೋಮವಾರ ಚಂದ್ರಚೂಡೇಶ್ವರನ ಬೆಟ್ಟ ಹತ್ತಲು ಮಂಡಿ ನೋವೆಂದಾಗ, ಮೆಟ್ಟಿಲು ಹಾಡನ್ನು ಮನಸ್ಸಿನಲ್ಲೇ ಹೇಳಿಕೊಂಡು ಹತ್ತು ಎಂದು ಮೂರು ದಿನ ಕೂರಿಸಿ ಕೇಳಿಸಿದಳು. ರಾಮಲಕ್ಷ್ಮಮ್ಮ ಹತ್ತಿದ್ದೂ ಆಯಿತು, ದೇವರ ಮುಂದೆ ಕೈ ಮುಗಿದು ನಿಂತಾಗ ಬಾಯಿಗೆ ಶಿವನಾಮದ ಬದಲು ಅದೇ ಬಂತು. ಬಂದು ಜಗಳ ಮಾಡಿದಳು. ಮಂಡಿ ನೋವು ಹೇಗಿದೆ ಎಂದು ಕದಿರಮ್ಮ ಕೇಳಿದ್ದಕ್ಕೆ ಮಾತ್ರ ಉತ್ತರ ಹೇಳಲಿಲ್ಲ.

ದೊಡ್ಡಮುನಿಯಮ್ಮನ ಬಾಯಿಗೆ ಇದೆಲ್ಲ ಹಬ್ಬದೂಟ. ಹಾಡು ಶುರುವಾದರೆ ಸಾಕು, ಕಿವಿಗೆ ಹತ್ತಿ ಇಟ್ಟುಕೊಂಡು ಪಾತ್ರೆ ತಿಕ್ಕುವಳು. ಇಲ್ಲಿಗೆ ಬರುವ ಹುಡುಗರಿಗೆ ಬುದ್ಧಿ ಕೆಡುತ್ತದೆ, ಕೋಳಿ ಮೊಟ್ಟೆ ಇಡುವುದಿಲ್ಲ, ಹಾಲು ಒಡೆಯುತ್ತದೆ ಎಂದು ದಿನಕ್ಕೊಂದು ಹೇಳುವಳು. ಅವಳ ಮನೆಯಲ್ಲಿ ಕೋಳಿ ಇರಲಿಲ್ಲ.

ಈ ಮಧ್ಯೆ ಒಂದು ವಿಷಯ ಯಾರಿಗೂ ತಿಳಿಯದ ಹಾಗೆ ನಡೆದುಹೋಗಿತ್ತು. ಕದಿರಮ್ಮ ಮುದ್ದೆಯ ಹದವನ್ನು ಹಾಡಿನಿಂದಲೇ ಅಳೆಯಲು ಶುರುಮಾಡಿದ್ದಳು. ಹಿಟ್ಟು ಸುರಿದ ಮೇಲೆ ಮೂರು ಹಾಡು ಬೇಯಬೇಕು. ಮೂರನೆಯದು ಮುಗಿಯುವಾಗ ಮೇಲಿನ ಅಂಬಲಿ ಬಸಿಯಬೇಕು. ನಾಲ್ಕನೆಯದು ಐದು ಸೇರಿನ ಹಾಡು, ಅದು ಶುರುವಾದಾಗ ಕೋಲು ಹಿಡಿದರೆ, ಎಲ್ಲರೂ ನಿಂತು ಮತ್ತೆ ಬೀಳುವ ಜಾಗಕ್ಕೆ ಗಂಟು ಒಡೆದಿರಬೇಕು, ಹಾಡು ಮುಗಿಯುವಾಗ ಮುದ್ದೆ ಮಣೆಯ ಮೇಲೆ ಬೀಳಬೇಕು. ಎರಡು ವರ್ಷ ಹೀಗೆ ನಡೆದು ಒಂದು ದಿನವೂ ತಪ್ಪಿರಲಿಲ್ಲ. ಹಿಟ್ಟು ಬೆಂದ ವಾಸನೆ ಹಿಡಿಯುವ ಮೂಗನ್ನೇ ಅವಳು ಕೆಲಸದಿಂದ ಬಿಡಿಸಿಬಿಟ್ಟಿದ್ದಳು.

ಅಷ್ಟರಲ್ಲಿ ಬೋಲ್ಟು ಕಂಪನಿಯವರು ಒಳಗೇ ಕ್ಯಾಂಟೀನ್ ತೆರೆದರು. ಮಧ್ಯಾಹ್ನದ ಊಟಕ್ಕೆ ಗೇಟಿನ ಹೊರಗೆ ಯಾರನ್ನೂ ಬಿಡುವುದಿಲ್ಲ ಎಂದರು. ಅನ್ನ, ಸಾಂಬಾರು, ಹಪ್ಪಳ. ಕದಿರಮ್ಮನ ಮೆಸ್ಸಿಗೆ ಬರುವ ನಲವತ್ತು ಜನರಲ್ಲಿ ಮೂವತ್ತು ಜನ ಆ ಕಂಪನಿಯವರು. ಒಂದೇ ವಾರಕ್ಕೆ ಮೆಸ್ಸಿನ ಮಧ್ಯಾಹ್ನ ಬಿಕೋ ಎಂದಿತು. ಐದು ಸೇರು ಹೋಗಿ ಒಂದು ಸೇರಾಯಿತು. ಹೀಗೇ ಮುಂದುವರಿದರೆ ಆಡಿ ತಿಂಗಳೊಳಗೆ ಮೆಸ್ಸು ಮುಚ್ಚಿ ಉದ್ದನಪಲ್ಲಿಗೆ ಹೋಗಿ ಮೈದುನನ ಮನೆಯ ಮೂಲೆಯಲ್ಲಿ ಕೂರಬೇಕು. ಆ ಮೂಲೆಯನ್ನು ನೆನೆಸಿಕೊಂಡರೆ ಅವಳಿಗೆ ಎಮ್ಮೆಕರು ಹಾಡೂ ಸಾಲುತ್ತಿರಲಿಲ್ಲ.

ಒಳಗೆ ಊಟ ಮಾಡುವ ಹುಡುಗರಿಗೂ ಸುಖವಿರಲಿಲ್ಲ. ಅನ್ನ ಉಂಡು ಮೂರು ಗಂಟೆಗೆಲ್ಲ ಹೊಟ್ಟೆ ಚುರುಗುಟ್ಟುತ್ತದೆ ಎಂದು ಜಗನ್ ಕ್ಯಾಂಟೀನ್ ಕಮಿಟಿಯಲ್ಲಿ ಎದ್ದು ನಿಂತು ಹೇಳಿದ. ವಾರಕ್ಕೆ ಕೆಲವು ದಿನವಾದರೂ ಮುದ್ದೆ ಬೇಕು, ಮಾಡುವವರು ಗೇಟಿನ ಹೊರಗೇ ಇದ್ದಾರೆ ಎಂದ. ಕ್ಯಾಂಟೀನ್ ನೋಡಿಕೊಳ್ಳುವ ಆಫೀಸರು ಮಾದೇಶನ್ ಎಂಬುವರು. ಧರ್ಮಪುರಿ ಕಡೆಯ ತಮಿಳರು, ಮಾತು ಕಡಿಮೆ, ಫೈಲು ಜಾಸ್ತಿ. ಒಂದು ಸಂಜೆ ಅವರೇ ಮೆಸ್ಸಿಗೆ ಬಂದು ಬೆಂಚಿನ ತುದಿಯಲ್ಲಿ ಕೂತು, ಅರ್ಧ ತಮಿಳು ಅರ್ಧ ಕನ್ನಡದಲ್ಲಿ ವಿಷಯ ಹೇಳಿದರು. ಬರುವ ಮಂಗಳವಾರ ನೂರಿಪ್ಪತ್ತು ಮುದ್ದೆ, ಹುರುಳಿ ಸಾರು. ಹನ್ನೆರಡೂವರೆ ಗಂಟೆಗೆ ತಟ್ಟೆಯಲ್ಲಿರಬೇಕು. ಸರಿ ಹೋದರೆ ವಾರಕ್ಕೆ ಮೂರು ದಿನ ಅವಳದೇ. ಸರಿ ಹೋಗದಿದ್ದರೆ ಮುದ್ದೆಯ ಮಾತನ್ನು ಯಾರೂ ಮತ್ತೆ ಎತ್ತಬಾರದು.

"ನಂಗೆ ಗೊತ್ತಮ್ಮಾ," ಅಂದರು ಏಳುತ್ತಾ. "ನಮ್ಮೂರಲ್ಲೂ ಮುದ್ದೆ ಮಾಡ್ತಾರೆ, ಕಳಿ ಅಂತೀವಿ. ಒಳಗೆ ಹಸಿ ಹಿಟ್ಟಿದ್ರೆ ನಾನು ಬೆರಳಲ್ಲಿ ಒಡೆದು ನೋಡ್ತೀನಿ."

ಮಂಗಳವಾರ ಒಂಬತ್ತು ಗಂಟೆಗೆ ಕದಿರಮ್ಮನೂ ದೊಡ್ಡಮುನಿಯಮ್ಮನೂ ಇಪ್ಪತ್ತು ಸೇರು ಹಿಟ್ಟು ಹೊರಿಸಿಕೊಂಡು ಗೇಟಿಗೆ ಹೋದರು. ಹದಿನೈದು ಸೇರು ಊಟಕ್ಕೆ, ಮೂರು ಪಾತ್ರೆ. ಇನ್ನೈದು ಸೇರು ಎರಡನೇ ಸಲ ಕೇಳುವವರಿಗೆ. ಕದಿರಮ್ಮನ ಕಂಕುಳಲ್ಲಿ ಸೀರೆ ಸುತ್ತಿದ ಟೇಪ್‌ರೆಕಾರ್ಡರು. ಗೇಟಿನವನು ಅದನ್ನು ಬಿಚ್ಚಿಸಿ, ರೇಡಿಯೋ, ಟೇಪು, ಸೆಲ್‌ಫೋನು ಯಾವುದೂ ಒಳಗೆ ಹೋಗುವ ಹಾಗಿಲ್ಲ ಎಂದು ಗೋಡೆಯ ಮೇಲಿನ ಇಂಗ್ಲಿಷ್ ಬೋರ್ಡು ತೋರಿಸಿದ. ಅವಳಿಗೆ ಅದನ್ನು ಓದಲು ಬಾರದೆಂದು ಗೊತ್ತಾದ ಮೇಲೆ ತಾನೇ ಎರಡು ಸಲ ಓದಿ ಹೇಳಿದ. ಅದು ಅಡುಗೆ ಸಾಮಾನು ಎಂದು ಕದಿರಮ್ಮ ಎಷ್ಟು ಹೇಳಿದರೂ ಅವನು ನಂಬಲಿಲ್ಲ.

ದೊಡ್ಡಮುನಿಯಮ್ಮನಿಗೆ ನಗು ತಡೆಯಲಾಗಲಿಲ್ಲ. ಒಳಗೆ ನಡೆಯುತ್ತಾ, ಇವತ್ತಾದರೂ ಕಿವಿಗೆ ಹತ್ತಿ ಬೇಡ ಎಂದಳು. ನಲವತ್ತು ವರ್ಷ ಹಾಡಿಲ್ಲದೆ ಮುದ್ದೆ ಮಾಡಿದವಳು ಇವತ್ತು ಮಾಡಲಾರೆಯಾ ಎಂದು ಕೇಳಿದಳು. ಕದಿರಮ್ಮನೂ ಹಾಗೇ ಅಂದುಕೊಂಡಳು. ಟೇಪಿಲ್ಲದಿದ್ದರೇನು, ಹಾಡೆಲ್ಲ ತಲೆಯಲ್ಲೇ ಇದೆ.

ಕ್ಯಾಂಟೀನಿನ ಅಡುಗೆಮನೆ ಮದುವೆ ಚಪ್ಪರದಷ್ಟು ದೊಡ್ಡದು. ಸೌದೆ ಒಲೆ ಇಲ್ಲ, ಆಳುದ್ದದ ಗ್ಯಾಸ್ ಒಲೆಗಳು. ಹಚ್ಚಿದರೆ ಬೆಂಕಿ ಬುಸ್ಸೆಂದು ಪಾತ್ರೆಯ ಪಕ್ಕೆಯವರೆಗೆ ಏಳುತ್ತದೆ, ತಗ್ಗಿಸಲು ಹೋದರೆ ಆರಿಯೇ ಹೋಗುತ್ತದೆ. ಮೇಲೆ ಹೊಗೆ ಎಳೆಯುವ ಫ್ಯಾನು. ಎಲ್ಲ ಕಡೆ ಎಣ್ಣೆ ವಾಸನೆ. ಗೋಡೆಯಲ್ಲಿ ದೊಡ್ಡ ಗಡಿಯಾರವಿತ್ತು. ಅದರ ದೊಡ್ಡ ಮುಳ್ಳು ಚಿಕ್ಕ ಮುಳ್ಳು ಗೊತ್ತಿತ್ತೇ ಹೊರತು, ಎಷ್ಟು ಮುಳ್ಳಿಗೆ ಎಷ್ಟು ಹಿಟ್ಟು ಬೇಯುತ್ತದೆ ಎನ್ನುವುದು ಇಬ್ಬರಿಗೂ ತಿಳಿಯದು.

ಹುರುಳಿ ಸಾರು ಆಯಿತು. ಹತ್ತೂವರೆಗೆ ಮೊದಲ ಪಾತ್ರೆಗೆ ಹಿಟ್ಟು ಸುರಿದು ಕದಿರಮ್ಮ ಕಣ್ಣು ಮುಚ್ಚಿ ಮನಸ್ಸಿನಲ್ಲೇ ಮೊದಲನೇ ಹಾಡು ಶುರುಮಾಡಿದಳು. ಗರಗಸ ಬಂತು, ಡೋಲು ಬಂತು. ಎರಡನೇದು ಆಯಿತು. ಮೂರನೇದರ ನಡುವೆ ಇದ್ದಳು, ಗಿಟಾರಿನವನು ಇನ್ನೂ ಮೆಟ್ಟಿಲು ಹತ್ತುತ್ತಿದ್ದ.

"ಏನೋ ಸೀಯ್ತಾ ಐತೆ," ಅಂದಳು ದೊಡ್ಡಮುನಿಯಮ್ಮ.

ಇನ್ನೂ ಅರ್ಧ ಹಾಡಿದೆ, ಸೀಯುವ ಹೊತ್ತಲ್ಲ ಎಂದು ಕದಿರಮ್ಮ ಕಣ್ಣು ಬಿಡದೆ ಹೇಳಿದಳು. ಬಿಟ್ಟು ನೋಡುವಾಗ ಪಾತ್ರೆಯ ಅಂಚಿನಿಂದ ಕಪ್ಪು ಹೊಗೆ. ಕೋಲು ಇಳಿಸಿದರೆ ತಳದಲ್ಲಿ ಕಲ್ಲು ಸಿಕ್ಕ ಹಾಗೆ ಸಿಕ್ಕಿತು. ಐದು ಸೇರು ಹಿಟ್ಟು ತಳದಲ್ಲಿ ಇದ್ದಿಲು, ಮೇಲೆ ಹಸಿ.

ಇಬ್ಬರೂ ಪಾತ್ರೆಯನ್ನು ಇಳಿಸಿ ಮೂಲೆಗೆ ದೂಡಿದರು. ಗಡಿಯಾರದಲ್ಲಿ ಹನ್ನೊಂದು ದಾಟಿತ್ತು. ಉಳಿದದ್ದು ಹದಿನೈದು ಸೇರು, ಮೂರು ಪಾತ್ರೆ. ಇನ್ನೊಂದು ಸೀದರೆ ನಲವತ್ತು ಜನರ ತಟ್ಟೆ ಖಾಲಿ. ಕದಿರಮ್ಮ ಹಿಟ್ಟಿನ ಮೂಟೆಯ ಪಕ್ಕದಲ್ಲಿ ಹಾಗೇ ಕುಕ್ಕರಿಸಿದಳು. ಹಾಡನ್ನು ಮೊದಲಿಂದ ನೆನೆಸಿಕೊಳ್ಳಲು ಹೋದರೆ ಯಾವುದೂ ಬರುತ್ತಿಲ್ಲ. ಬಂದದ್ದು ಮೈದುನನ ಮನೆಯ ಮೂಲೆ.

"ಮೂಗು ಕೆಟ್ಟೋಯ್ತು ಮುನಿಯಕ್ಕ," ಅಂದಳು. "ಹಾಡು ನೆಚ್ಕೊಂಡು ಮೂಗು ಕಳ್ಕೊಂಡೆ."

ಎರಡು ವರ್ಷದಿಂದ ದೊಡ್ಡಮುನಿಯಮ್ಮ ಕಾಯುತ್ತಿದ್ದದ್ದು ಈ ಮಾತಿಗೇ. ಆದರೆ ಬಾಯಿಗೆ ಬಂದದ್ದು ಬೇರೆ.

"ಮೂಗೂ ಸರಿಯಾಗೈತೆ, ಹಾಡೂ ಸರಿಯಾಗೈತೆ. ಬೆಂಕಿ ಬೇರೆ ಕಣೇ. ನಮ್ದು ಸೌದೆ ಒಲೆ ಹಾಡು. ಇಲ್ಲಿ ಬೆಂಕಿ ಓಡ್ತಾ ಐತೆ, ನಿನ್ ಹಾಡು ನಡೀತಾ ಐತೆ. ಓಡ್ಸು."

ಹೇಗೆ ಓಡಿಸುವುದು ಎಂದು ಕದಿರಮ್ಮ ಕೇಳಿದಳು. ಮನಸ್ಸಿನೊಳಗಿನ ಹಾಡು ಅದರ ನಡಿಗೆಯಲ್ಲೇ ನಡೆಯುತ್ತದೆ, ಯಾರಾದರೂ ಅಟ್ಟಬೇಕು. ದೊಡ್ಡಮುನಿಯಮ್ಮ ಒಂದು ದೊಡ್ಡ ಮುಚ್ಚಳ ಬೋರಲು ಹಾಕಿಕೊಂಡು, ಎರಡು ಕೈಯಲ್ಲೂ ಸೌಟು ಹಿಡಿದು ಕೂತಳು. ಇಪ್ಪತ್ತು ವರ್ಷ ಭಜನೆಯಲ್ಲಿ ತಾಳ ಹಾಕಿದ ಕೈ. ಹಿಟ್ಟು ಸುರಿ ಎಂದು ಕಣ್ಣಲ್ಲೇ ಹೇಳಿದಳು. ಸುರಿದ ಕೂಡಲೇ ಗರಗಸದ ಹಾಡಿನ ಡೋಲು ಮುಚ್ಚಳದ ಮೇಲೆ ಬಿತ್ತು, ಅದೇ ಹಾಡು, ಆದರೆ ಎರಡರಷ್ಟು ಓಟ.

ಕದಿರಮ್ಮ ಬಾಯಿಬಿಟ್ಟು ನೋಡಿದಳು. ಒಂದೇ ಒಂದು ಏಟು ತಪ್ಪಿರಲಿಲ್ಲ.

"ಕಿವೀಲಿ ಹತ್ತಿ ಇತ್ತಲ್ಲಕ್ಕ?"

"ಹತ್ತೀಲಿ ತೂತಿರಲ್ವಾ? ಹಾಡೇ ನೀನು."

ಕದಿರಮ್ಮ ಹಾಡಿದಳು. ಮಾತು ಗೊತ್ತಿಲ್ಲದಿದ್ದರಿಂದ ಗಿಟಾರನ್ನೇ ಹಾಡಿದಳು, ಝಂ ಝಂ ಝಡಾಂ ಎಂದು, ಮೂಗಿನಿಂದ, ಗಂಟಲಿನಿಂದ, ಆಮೇಲೆ ಹೊಟ್ಟೆಯಿಂದ. ಒಂದು ಕಡೆ ಎರಡನೇದರಿಂದ ನೇರವಾಗಿ ಮೂರನೇದಕ್ಕೆ ಹಾರಿದಾಗ ದೊಡ್ಡಮುನಿಯಮ್ಮ ಸೌಟು ನಿಲ್ಲಿಸಿ, ನಡುವೆ ಕ್ಯಾಸೆಟ್ ತಿರುಗಿಸುವ ಹೊತ್ತು ಬಿಟ್ಟುಹೋಯಿತು ಎಂದು ತಿದ್ದಿದಳು. ಆ ಹೊತ್ತನ್ನೂ ಸೇರಿಸಿ, ಮೂರನೇದು ಮುಗಿಯುತ್ತಿದ್ದಂತೆ ಅಂಬಲಿ ಬಸಿದರು. ತಳ ಸೀದಿರಲಿಲ್ಲ. ಹಿಟ್ಟು ಬೆಂದ ಘಮ ಎಣ್ಣೆ ವಾಸನೆಯನ್ನು ಸೀಳಿಕೊಂಡು ಬಂದು ಕದಿರಮ್ಮನ ಮೂಗಿಗೆ ತಾಗಿತು. ರಜಾ ಮೇಲಿದ್ದ ಮೂಗು ಕೆಲಸಕ್ಕೆ ಬಂದಿತ್ತು.

ಆಮೇಲೆ ಐದು ಸೇರಿನ ಹಾಡು. ಅದನ್ನು ಅವಳು ಯಾರ ಮುಂದೆಯೂ ಬಾಯಿಬಿಟ್ಟು ಹಾಡಿರಲಿಲ್ಲ. ಕೋಲು ಹಿಡಿದು ಪಾತ್ರೆಯನ್ನು ಕಾಲಲ್ಲಿ ಒತ್ತಿ, ಗಂಟಲು ಹರಿಯುವ ಹಾಗೆ ಕೂಗಿದಳು. ಕ್ಯಾಂಟೀನಿನಲ್ಲಿ ಅನ್ನ ಬೇಯಿಸುವ ಇಬ್ಬರು ಅಡುಗೆಯವರು ಗೋಡೆಗೆ ಒರಗಿ ನಿಂತರು. ಎಲ್ಲರೂ ನಿಲ್ಲುವ ಜಾಗ ಬಂದಾಗ ಸೌಟು ನಿಂತಿತು, ಕೋಲು ನಿಂತಿತು, ಅಡುಗೆಯವರ ಉಸಿರೂ ನಿಂತಿರಬೇಕು. ಆ ಮೌನದಲ್ಲಿ ಬಾಗಿಲ ಹತ್ತಿರ ಯಾರೋ ಕೆಮ್ಮಿದ್ದು ಕೇಳಿಸಿತು. ತಿರುಗಿದರೆ ಮಾದೇಶನ್, ಕೈಯಲ್ಲಿ ಫೈಲು. ಕದಿರಮ್ಮ ಅವರನ್ನು ನೋಡಿದಳು. ಆದರೆ ನಿಂತ ಹಾಡು ಬೀಳಲೇಬೇಕು, ಇಲ್ಲದಿದ್ದರೆ ಗಂಟು ಒಡೆಯುವುದಿಲ್ಲ. ಆಫೀಸರ ಮುಖ ನೋಡುತ್ತಲೇ ಝಡಾಂ ಎಂದಳು. ದೊಡ್ಡಮುನಿಯಮ್ಮನ ಎರಡು ಸೌಟೂ ಒಟ್ಟಿಗೆ ಬಿದ್ದವು. ಮಾದೇಶನ್ ಎರಡು ಹೆಜ್ಜೆ ಹಿಂದೆ ಸರಿದು, ಬಾಗಿಲು ಎಳೆದುಕೊಂಡು ಹೋದರು.

ಉಳಿದ ಎರಡು ಪಾತ್ರೆಗಳೂ ಅದೇ ಓಟದಲ್ಲಿ ಇಳಿದವು. ಹನ್ನೆರಡೂ ಇಪ್ಪತ್ತೆಂಟಕ್ಕೆ ಕೊನೆಯ ಮುದ್ದೆ ತಟ್ಟೆಗೆ ಬಿತ್ತು ಎಂದು ಗಡಿಯಾರ ನೋಡಿ ಜಗನ್ ಹೇಳಿದ. ಅವನು ಬಡಿಸಲು ಬಂದಿದ್ದ. ಆಫೀಸಿನವರೆಗೂ ಸದ್ದು ಹೋಗಿದೆ, ದೊಡ್ಡ ಸಾಹೇಬರು ಯಾವ ಮಿಷನ್ನು ಕೆಟ್ಟಿದೆ ಎಂದು ಫೋನ್ ಮಾಡಿ ಕೇಳಿದರಂತೆ ಎಂದೂ ಹೇಳಿದ. ಕದಿರಮ್ಮನಿಗೆ ಅಲ್ಲೇ ಕೆಲಸ ಹೋದ ಹಾಗಾಯಿತು. ಮುದ್ದೆ ಚೆನ್ನಾಗಿದ್ದರೆ ತಾನೇ ಏನು, ಬೋರ್ಡಿನಲ್ಲಿ ಬರೆದ ಮಾತಿಗೆ ತಪ್ಪಿ ನಡೆದಾಯಿತಲ್ಲ. ಅವಳು ಕಿಂಡಿಯಿಂದ ಊಟದ ಸಾಲು ನೋಡುತ್ತಾ ನಿಂತಳು. ನೂರಿಪ್ಪತ್ತು ಜನ ತಲೆ ತಗ್ಗಿಸಿ ಉಣ್ಣುತ್ತಿದ್ದರು. ಮಾದೇಶನ್ ಕೊನೆಯ ಬೆಂಚಿನಲ್ಲಿ ಕೂತು ಮುದ್ದೆಯ ನಡುವೆ ಹೆಬ್ಬೆರಳು ಇಳಿಸಿ ಎರಡು ಹೋಳು ಮಾಡಿದರು. ಒಳಗೆ ನೋಡಿದರು. ಒಂದು ಹೋಳನ್ನು ಇನ್ನೊಂದು ಸಲ ಒಡೆದರು. ಆಮೇಲೆ ಸಾರಿಗೆ ಅದ್ದಿ ನುಂಗತೊಡಗಿದರು. ಮುಗಿಸಿ ತಲೆ ಎತ್ತಿ ಇನ್ನೊಂದು ಕೇಳಿದರು. ಇನ್ನೊಂದು ಇರಲಿಲ್ಲ, ಅದು ಮೂಲೆಯ ಪಾತ್ರೆಯಲ್ಲಿ ಇದ್ದಿಲಾಗಿತ್ತು. ಜಗನ್ ತನ್ನ ತಟ್ಟೆಯದನ್ನೇ ಕೊಟ್ಟ.

ಒಂದೂವರೆಗೆ ಅವರು ಅಡುಗೆಮನೆಗೆ ಬಂದರು. ಕದಿರಮ್ಮ ಸೆರಗು ಹೊದ್ದು ನಿಂತಳು. ದೊಡ್ಡಮುನಿಯಮ್ಮ ಸೌಟುಗಳನ್ನು ಬೆನ್ನ ಹಿಂದೆ ಮಾಡಿಕೊಂಡಳು. ಮಾದೇಶನ್ ಫೈಲು ತೆರೆದು, ಮಂಗಳವಾರ, ಗುರುವಾರ, ಶನಿವಾರ ಎಂದು ಓದಿದರು. ಮುಂದಿನ ವಾರದಿಂದಲೇ ಎಂದರು. ಸದ್ದಿನ ವಿಷಯಕ್ಕೆ ಬಂದಾಗ ಬಹಳ ಹೊತ್ತು ಕಾಗದ ತಿರುವಿ, ರೇಡಿಯೋ, ಟೇಪು, ಸೆಲ್‌ಫೋನು ಇವುಗಳ ಮಾತು ಮಾತ್ರ ಇದರಲ್ಲಿ ಬರೆದಿದೆ, ಗಂಟಲಿನ ಮಾತು ಎಲ್ಲೂ ಬರೆದಿಲ್ಲ, ಬಾಗಿಲು ಹಾಕಿಕೊಂಡರೆ ಸಾಕು ಎಂದರು. ಕದಿರಮ್ಮನಿಗೆ ಕಣ್ಣು ತುಂಬಿದ್ದು ಗ್ಯಾಸಿನ ಕಾವಿಗೆ ಎಂದು ದೊಡ್ಡಮುನಿಯಮ್ಮ ತಾನಾಗಿ ಹೇಳಿದಳು, ಯಾರೂ ಕೇಳಿರಲಿಲ್ಲ.

ಹೊರಟ ಮಾದೇಶನ್ ಬಾಗಿಲ ಹತ್ತಿರ ನಿಂತರು. ಅಡುಗೆಯವರು ದೂರದಲ್ಲಿದ್ದಾರೆಂದು ನೋಡಿಕೊಂಡು ದನಿ ತಗ್ಗಿಸಿದರು.

"ಅಮ್ಮಾ, ಅಂಥ ಪಾಟ್ಟು ನಾನೂ ಕೇಳಬೇಕು ಅಂದ್ರೆ, ಯಾವುದು ಕೇಳೋದು?"

ಕದಿರಮ್ಮ ಅವರ ಮುಖವನ್ನು ಒಂದು ಸಲ ಚೆನ್ನಾಗಿ ನೋಡಿದಳು.

"ನಿಮ್ಮನೇಲಿ ಸೌದೆನಾ ಗ್ಯಾಸಾ ಸಾ?"

ಗ್ಯಾಸೇ ಎಂದರು.

"ಮುದ್ದೆ ತಿರುವೋದು ಯಾರು?"

ಹೆಂಡತಿ ಎಂದರು.

"ಮತ್ತೆ ನಿಮಗ್ಯಾತಕ್ ಸಾ ಹಾಡು? ಅಮ್ಮಾವ್ರನ್ನ ಒಂದಿನ ಕರ್ಕೊಂಬನ್ನಿ. ಅವರ ತೋಳು ನೋಡಿ ಹೇಳ್ತೀನಿ."